ಮಳೆಗಾಲ ಬಂತೆಂದರೆ ಮೌನವಾಗುವ ಗೆಳತಿಗೆ ನಾನು ಹೇಗೆ ಆಸರೆಯಾಗಲಿ?

ಪ್ರಶ್ನೆ: ಮಡಿಕೇರಿಯ ಪದವಿ ವಿದ್ಯಾರ್ಥಿನಿ

2018ರ ಆಗಸ್ಟ್‌ನಲ್ಲಿ ಮಕ್ಕಂದೂರು ಭಾಗದಲ್ಲಿ ಗುಡ್ಡ ಕುಸಿದಾಗ ನನ್ನ ಗೆಳತಿಯ ಮನೆಯೂ ಕಾಫಿ ತೋಟವೂ ಮಣ್ಣುಪಾಲಾದವು. ಮನೆಯವರೆಲ್ಲರ ಜೀವ ಉಳಿಯಿತು; ಪರಿಹಾರ ಕೇಂದ್ರದಲ್ಲಿ ದಿನ ಕಳೆದು ಈಗ ಬೇರೆ ಕಡೆ ನೆಲೆಸಿದ್ದಾರೆ. ಬೇಸಿಗೆಯಲ್ಲಿ ನಗುನಗುತ್ತಲೇ ಇರುವ ಅವಳು, ಮಳೆ ಬಿರುಸಾಗುತ್ತಿದ್ದಂತೆ ಊಟ ಬಿಡುತ್ತಾಳೆ, ರಾತ್ರಿಯೆಲ್ಲ ಎಚ್ಚರವಾಗಿಯೇ ಇರುತ್ತಾಳೆ. “ಎಷ್ಟೋ ವರ್ಷವಾಯಿತಲ್ಲ, ಮರೆತುಬಿಡು” ಎಂದು ನಾನು ಒಮ್ಮೆ ಹೇಳಿದ ಮೇಲೆ ಮಾತು ಇನ್ನೂ ಕಡಿಮೆಯಾಯಿತು. ಕಳೆದ ವಾರ, “ಅಂದೇ ನಾನೂ ಆ ಮಣ್ಣಿನೊಳಗೆ ಹೋಗಿದ್ದರೆ ಚೆನ್ನಾಗಿತ್ತು, ಯಾರಿಗೂ ಹೇಳಬೇಡ” ಎಂದಳು. ಹೇಳುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ. ಅದನ್ನು ಉಳಿಸಿಕೊಳ್ಳಬೇಕೆ?

ಉತ್ತರ 1: ಮನೋರೋಗ ವಿಭಾಗದಲ್ಲಿ ಕೆಲಸ ಮಾಡಿದ ನರ್ಸ್

ತಂಗಿ, ಈ ಒಂದು ಮಾತನ್ನು ಉಳಿಸಿಕೊಳ್ಳಬೇಡಿ. ಆದರೆ ಅವಳ ಬೆನ್ನ ಹಿಂದೆ ಮುರಿಯಬೇಡಿ. “ನೀನು ನನಗೆ ಬೇಕು, ಆದ್ದರಿಂದ ಇದನ್ನು ನಾನೊಬ್ಬಳೇ ಇಟ್ಟುಕೊಳ್ಳಲಾರೆ, ಯಾರಿಗೆ ಹೇಳೋಣವೆಂದು ನೀನೇ ಹೇಳು” ಎಂದು ಅವಳಿಗೇ ತಿಳಿಸಿ. ಮೊದಲು, ಸಾಯಬೇಕೆಂಬ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ಹಾಕಿದಂತಾಗುತ್ತದೆ ಎಂಬ ಭಯ ನಮ್ಮಲ್ಲಿ ಅನೇಕರಿಗಿದೆ, ಅದು ನಿಜವಲ್ಲ. ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದವರಿಗೆ ಆ ಪ್ರಶ್ನೆಯೇ ದೊಡ್ಡ ಬಿಡುಗಡೆ.

ಹೌದು ಎಂದರೆ ಅವಳನ್ನು ಒಂಟಿಯಾಗಿ ಬಿಡದೆ, ಅಂದೇ ಮನೆಯ ಹಿರಿಯರಿಗೆ ತಿಳಿಸಿ. ನಮ್ಮ ತೋಟದ ಮನೆಗಳಲ್ಲಿ ಕೀಟನಾಶಕ, ಕಳೆನಾಶಕಗಳು ಕೈಗೆ ಸಿಗುವಲ್ಲೇ ಇರುತ್ತವೆ. ಅವನ್ನು ಬೀಗದೊಳಗೆ ಇಡಿಸುವುದು ಜೀವ ಉಳಿಸುವ ಕೆಲಸ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ, 14416, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಅವಳ ಬಗ್ಗೆ ಸಲಹೆ ಕೇಳಲು ನೀವೂ ಕರೆ ಮಾಡಬಹುದು. ಅಪಾಯ ಕಣ್ಣೆದುರಿಗೇ ಇದ್ದರೆ 112. ಮಳೆಯಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಹೋಗುವ ಊರು ನಮ್ಮದು, ಹಾಗಾಗಿ ಕತ್ತಲಲ್ಲಿ ನಡೆದು ಹೋಗಬಹುದಾದ ಒಂದು ಮನೆಯನ್ನೂ ಮೊದಲೇ ಗೊತ್ತುಮಾಡಿಕೊಳ್ಳಿ.

ಉತ್ತರ 2: ಹಟ್ಟಿಹೊಳೆ ಕಡೆಯ ಯುವಕ

ಆ ವರ್ಷ ನಾನೂ ಮನೆ ಕಳೆದುಕೊಂಡವನು. “ಜೀವ ಉಳಿಯಿತಲ್ಲ, ಅದೇ ದೊಡ್ಡದು” ಎಂದು ಬಂದವರೆಲ್ಲ ಹೇಳುತ್ತಿದ್ದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು, ಆದರೆ ಅದಾದ ಮೇಲೆ ಕಳೆದುಕೊಂಡದ್ದಕ್ಕೆ ಅಳಲೂ ನನಗೆ ಹಕ್ಕಿಲ್ಲವೆಂದು ಅನಿಸುತ್ತಿತ್ತು. ನನ್ನನ್ನು ಉಳಿಸಿದವನು ಹೆಚ್ಚು ಮಾತನಾಡದ ಒಬ್ಬ ಗೆಳೆಯ. ಪ್ರತಿದಿನ ಸಂಜೆ ಬರುತ್ತಿದ್ದ, ಅವರ ಮನೆಯ ಅಕ್ಕಿ ರೊಟ್ಟಿ ತರುತ್ತಿದ್ದ, ತಪ್ಪಿಹೋದ ಪಾಠಗಳನ್ನು ಬರೆದುಕೊಡುತ್ತಿದ್ದ. ಏನಾಯಿತೆಂದು ಅವನು ಒಂದು ಸಲವೂ ಕೆದಕಲಿಲ್ಲ; ನಾಲ್ಕು ತಿಂಗಳ ನಂತರ ನಾನೇ ಶುರುಮಾಡಿದಾಗ ಕತ್ತಲಾಗುವವರೆಗೂ ಕುಳಿತು ಕೇಳಿದ. ಇಂದಿಗೂ ಆಗಸ್ಟ್ ಮಧ್ಯದಲ್ಲಿ, ನಾನು ನೆನಪಿಸದೆಯೇ, ಅವನ ಫೋನ್ ಬರುತ್ತದೆ. “ಏನಾದರೂ ಬೇಕಿದ್ದರೆ ಹೇಳು” ಎಂದು ಹೇಳಿ ಹೋದವರಿಗೆ ನಾನು ಏನನ್ನೂ ಹೇಳಲಿಲ್ಲ, ಏಕೆಂದರೆ ಆಗ ಏನು ಬೇಕೆಂಬುದೇ ನನಗೆ ತಿಳಿದಿರಲಿಲ್ಲ. “ಮರೆತುಬಿಡು” ಎಂದದ್ದಕ್ಕೆ ಕ್ಷಮೆ ಕೇಳಿ, ಅಷ್ಟು ಸಾಕು, ಅವಳು ಮತ್ತೆ ಮಾತನಾಡುತ್ತಾಳೆ ಎಂದು ನಾನು ನಂಬಿದ್ದೇನೆ.

ಉತ್ತರ 3: ಸೋಮವಾರಪೇಟೆಯ ನಿವೃತ್ತ ಶಿಕ್ಷಕಿ

ಮಗಳೇ, ಈ ಭಾರವನ್ನು ನೀನೊಬ್ಬಳೇ ಹೊರಬೇಡ. ಅವಳು ಒಪ್ಪುವ ಇನ್ನಿಬ್ಬರು ಗೆಳತಿಯರನ್ನು ಸೇರಿಸಿಕೊಂಡು, ಯಾರು ಯಾವ ದಿನ ಅವಳ ಜೊತೆಗಿರಬೇಕೆಂದು ಹಂಚಿಕೊಳ್ಳಿ. ನಿನ್ನ ಊಟ, ನಿದ್ದೆ, ಓದು ಕೆಟ್ಟರೆ ಅವಳಿಗೂ ನೀನು ಹೆಚ್ಚು ದಿನ ಒದಗಲಾರೆ.

ಪ್ರಶ್ನೆ ಕೇಳಿದವಳು

ಎಲ್ಲರಿಗೂ ಋಣಿ. ನಿನ್ನೆ ಕ್ಷಮೆ ಕೇಳಿದೆ, ನೇರವಾಗಿಯೂ ಕೇಳಿದೆ. ಬಹಳ ಹೊತ್ತು ಅತ್ತಳು, ಆಮೇಲೆ ತನ್ನ ಚಿಕ್ಕಮ್ಮನಿಗೆ ಹೇಳೋಣ ಎಂದಳು. ರಾತ್ರಿ ಚಿಕ್ಕಮ್ಮ ಅವಳ ಜೊತೆಯಲ್ಲೇ ಮಲಗಿದ್ದರು. ಸೋಮವಾರ ಮೂವರೂ ಮಡಿಕೇರಿಯ ಜಿಲ್ಲಾ ಆಸ್ಪತ್ರೆಗೆ ಹೋಗುತ್ತಿದ್ದೇವೆ.