ಅರ್ಧ ಜಿಪ್ಪಿನ ಪ್ರಶ್ನೆ

"ಕುತ್ತಿಗೆಯಿಂದ ಹೊರಟು ಎದೆಯವರೆಗೆ ಬಂದು ನಿಂತುಬಿಡುತ್ತದೆಯಲ್ಲ, ಆ ಜಿಪ್ಪಿಗೆ ಅಲ್ಲಿಂದ ಕೆಳಗಿಳಿಯಲು ಹೆದರಿಕೆಯೇ?" ಎಂದು ಶೀನಣ್ಣ ಕೇಳಿದ. ವೆಂಕಟೇಶ ಮೊಬೈಲಿನಿಂದ ತಲೆ ಎತ್ತಲಿಲ್ಲ.

ಶನಿವಾರ ಬೆಳಗಿನ ಹತ್ತು ಗಂಟೆ. ಡಬ್ಲಿನ್ನಿನ ಪಶ್ಚಿಮದ ಅಂಚಿನಲ್ಲಿರುವ ನಮ್ಮ ಕ್ಲಬ್ಬಿನ ಅಡುಗೆಕೋಣೆ. ಹೊರಗೆ ಜಿನುಗುಮಳೆಯಲ್ಲಿ ಹತ್ತು ವರ್ಷದೊಳಗಿನ ಮಕ್ಕಳು ಹರ್ಲಿಂಗ್ ಎಂಬ ಐರಿಷ್ ಆಟದ ಕೋಲು ಹಿಡಿದು, ಚೆಂಡನ್ನು ಬಿಟ್ಟು ಒಬ್ಬರ ಕಾಲನ್ನೊಬ್ಬರು ಹೊಡೆಯುತ್ತಿದ್ದರು. ಒಳಗೆ ಜೆರ್ಸಿ ಸಮಿತಿಯ ಸಭೆ. ಗೇಲಿಕ್ ಎಂದು ಕರೆಯುವ ಈ ದೇಸಿ ಆಟಗಳ ಗಂಧಗಾಳಿ ಇಲ್ಲದ ಐವರು ಕನ್ನಡಿಗರು ಈ ಸಮಿತಿಗೆ ಬಂದದ್ದಕ್ಕೆ ಕಾರಣವಿದೆ. ವಾರ್ಷಿಕ ಸಭೆಯಲ್ಲಿ "ಯಾರು ಈ ಹೊಣೆ ಹೊರುತ್ತೀರಿ?" ಎಂದು ಅಧ್ಯಕ್ಷರು ಕೇಳಿದಾಗ ಊರಿನವರೆಲ್ಲ ತಮ್ಮ ಬೂಟಿನ ದಾರ ನೋಡಿಕೊಂಡರು. ಸಭ್ಯರಾದ ನಾವು ಅಧ್ಯಕ್ಷರ ಮುಖ ನೋಡಿದೆವು.

"ಹಾಫ್ ಜಿಪ್ ಅಂಗಿ ಎಂದರೆ ಕ್ಲಬ್ಬಿನ ಗುರುತು, ಶೀನಣ್ಣ" ಎಂದ ವೆಂಕಟೇಶ. "ಎಲ್ಲ ಕ್ಲಬ್ಬುಗಳಲ್ಲೂ ಇದೆ. ಈ ಜಾಲತಾಣದಲ್ಲಿ ನಾವೇ ವಿನ್ಯಾಸ ಮಾಡಬಹುದು. ತೋಳಿಗೆ ಒಂದು ಬಣ್ಣ, ಕಂಕುಳಿಗೆ ಒಂದು ಬಣ್ಣ."

"ಕಂಕುಳಿಗೂ ಬಣ್ಣವೇ! ತೋರಿಸಬೇಕಾದರೆ ಇಡೀ ತಂಡ ಕೈ ಎತ್ತಿಕೊಂಡು ಓಡಬೇಕು. ಎದುರಾಳಿಗಳು ಶರಣಾಗತಿ ಎಂದುಕೊಳ್ಳುತ್ತಾರೆ."

ಲೆಕ್ಕದ ಪುಸ್ತಕ ಸುಧಕ್ಕನ ಕೈಯಲ್ಲಿತ್ತು. ಆಸ್ಪತ್ರೆಯ ರಾತ್ರಿಪಾಳಿ ಮುಗಿಸಿ ನೇರವಾಗಿ ಬಂದಿದ್ದರಿಂದ ಅವರಿಗೆ ಹಾಸ್ಯ ಹಿಡಿಸುವ ಹೊತ್ತಾಗಿರಲಿಲ್ಲ. ಹೋದ ವರ್ಷದ ಖರೀದಿಯನ್ನು ಓದಿದರು: ಅರ್ಧ ಜಿಪ್ಪಿನ ಅಂಗಿ, ಗೊಂಡೆ ಇರುವ ಉಣ್ಣೆ ಟೋಪಿ, ತೋಳಿಲ್ಲದ ಕೋಟು, ತರಬೇತಿಯ ಅಂಗಿ, ತರಬೇತಿಗೆ ಮುಂಚಿನ ಅಂಗಿ.

"ತರಬೇತಿಗೆ ಮುಂಚೆ ಏನು ಮಾಡುತ್ತಾರೆ?" ಎಂದು ಪಾಟೀಲರು ಕೇಳಿದರು.

"ಅಂಗಿ ಬದಲಾಯಿಸುತ್ತಾರೆ" ಎಂದ ಶೀನಣ್ಣ. "ಇಷ್ಟೆಲ್ಲ ಕೊಂಡಮೇಲೆ ಆಗಸ್ಟಿನಲ್ಲಿ ಏನಾಯಿತು? ನಮ್ಮ ಎರಡನೆಯ ತಂಡಕ್ಕೆ ಬಂದವರು ಹನ್ನೊಂದು ಜನ. ಬೇಕಾದವರು ಹದಿನೈದು. ಆಡದೆಯೇ ಪಂದ್ಯ ಬಿಟ್ಟುಕೊಟ್ಟೆವು. ಆ ದಿನ ಗೆರೆಯಾಚೆ ನಿಂತಿದ್ದವರನ್ನು ನಾನು ಎಣಿಸಿದ್ದೇನೆ. ಅರವತ್ತು ಜನ, ಅರವತ್ತೂ ಅರ್ಧ ಜಿಪ್. ಅದರಲ್ಲಿ ನಾಲ್ಕು ಜಿಪ್ಪುಗಳನ್ನು ಒಳಗೆ ಇಳಿಸಿದ್ದರೆ ಪಂದ್ಯ ನಡೆಯುತ್ತಿತ್ತು."

"ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು" ಎಂದು ಸುಧಕ್ಕ ನಿಟ್ಟುಸಿರಿಟ್ಟರು.

"ಈಗ ಜುಟ್ಟೂ ಇಲ್ಲವಲ್ಲ ಸುಧಕ್ಕ, ಅದಕ್ಕೇ ಗೊಂಡೆ ಟೋಪಿ."

ಪಾಟೀಲರು ತಿರುಪ್ಪೂರಿನ ಮಾತು ತೆಗೆದರು. ಅಲ್ಲಿ ಅವರ ಸಂಬಂಧಿಕನೊಬ್ಬನಿಗೆ ನಿಟ್ಟಿಂಗ್ ಕಾರ್ಖಾನೆಯವರ ಪರಿಚಯವಿದೆ, ಮಾದರಿ ಕಳಿಸಿದರೆ ಅರ್ಧ ಬೆಲೆಗೆ ಬರುತ್ತದೆ ಎಂದರು. ಅಷ್ಟು ಹೊತ್ತೂ ಮೂಲೆಯಲ್ಲಿ ಟೀ ಪಾತ್ರೆ ತೊಳೆಯುತ್ತಿದ್ದ ಮಿಕ್ ಅದಕ್ಕೆ ಮಾತ್ರ ತಿರುಗಿದ. ಕ್ಲಬ್ಬಿನ ಚೆಂಡು, ಬಾವುಟ, ಅಂಗಿಯ ಚೀಲಗಳೆಲ್ಲ ಅವನ ಸುಪರ್ದಿಯಲ್ಲಿವೆ. ಪಾಟೀಲರ ಕನ್ನಡದಲ್ಲಿ ತಿರುಪ್ಪೂರು ಅವನಿಗೆ ಅರ್ಥವಾಗಲಿಲ್ಲ, ಅರ್ಧ ಬೆಲೆ ಹೇಗೋ ಅರ್ಥವಾಗಿತ್ತು. ಆಡುವ ಅಂಗಿ ಐರ್ಲೆಂಡಿನಲ್ಲೇ ತಯಾರಾಗಿರಬೇಕು, ಅದು ಈ ಆಟಗಳನ್ನು ನಡೆಸುವ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ನಿನ ನಿಯಮ ಎಂದ. 1884ರಲ್ಲಿ ಥರ್ಲೆಸ್ ಊರಿನ ಹೋಟೆಲೊಂದರಲ್ಲಿ ಕೂತು ಸಂಘ ಕಟ್ಟಿದವರಿಗೆ ಆಟ ಎಷ್ಟು ಮುಖ್ಯವೋ ಬ್ರಿಟಿಷರದ್ದಲ್ಲದ ಆಟ ಎನ್ನುವುದೂ ಅಷ್ಟೇ ಮುಖ್ಯವಾಗಿತ್ತು.

"ಒಳ್ಳೆಯ ನಿಯಮ" ಎಂದ ಶೀನಣ್ಣ. "ಅಂಗಿ ಇಲ್ಲಿಯದಾಗಿದ್ದರೆ ಸಾಕು, ಒಳಗಿನವನು ತಿಪಟೂರಿನವನಾದರೂ ಆಗಬಹುದು. ಬೇರೆ ಕಡೆ ಅಂಗಿ ಎಲ್ಲಿಂದಲೂ ಬರಬಹುದು, ಮನುಷ್ಯನಿಗೆ ಮಾತ್ರ ವೀಸಾ."

ಹಾಗೆ ತಿರುಪ್ಪೂರು ಬಿದ್ದುಹೋಯಿತು. ಓ'ನೀಲ್ಸ್ ಹೆಸರು ಬಂತು, ಬರಲೇಬೇಕಿತ್ತು. 1918ರಲ್ಲಿ ಡಬ್ಲಿನ್ನಿನಲ್ಲಿ ಶುರುವಾದ ಕಂಪನಿ, ಟಿರೋನ್ ಕೌಂಟಿಯ ಸ್ಟ್ರಬೇನ್‌ನಲ್ಲಿ ದೊಡ್ಡ ಕಾರ್ಖಾನೆ, ಈ ದೇಶದಲ್ಲಿ ಅವರ ಚೆಂಡನ್ನು ಒದೆಯದ ಮಗುವಿಲ್ಲ. ಅವರ ಅಂಗಿಯ ತೋಳಿನ ಮೇಲೆ ಮೂರು ಪಟ್ಟಿ ಕಂಡು ಪಾಟೀಲರಿಗೆ ಗೊಂದಲವಾಯಿತು. ಮೂರು ಪಟ್ಟಿ ಅಡಿಡಾಸ್‌ನದಲ್ಲವೇ? ಅಡಿಡಾಸ್ ಕೂಡ ಹಾಗೆಯೇ ವಾದಿಸಿ ಕೋರ್ಟಿಗೆ ಹೋಗಿತ್ತು, ಐರ್ಲೆಂಡಿನ ಸುಪ್ರೀಂ ಕೋರ್ಟಿನವರೆಗೂ ಹೋಗಿ 1980ರ ದಶಕದ ಆರಂಭದಲ್ಲಿ ಸೋತಿತ್ತು ಎಂದು ವೆಂಕಟೇಶ ಓದಿ ಹೇಳಿದ.

"ಸೋಲದೆ ಇನ್ನೇನು?" ಎಂದ ಶೀನಣ್ಣ. "ಮೂರು ಅಡ್ಡಪಟ್ಟಿ ಎಂದರೆ ವಿಭೂತಿ. ಅದಕ್ಕೆ ಜರ್ಮನಿಯವರು ಹಕ್ಕು ಕೇಳಿದರೆ ಯಾವ ನ್ಯಾಯಾಧೀಶ ಒಪ್ಪುತ್ತಾನೆ?"

ಪಾಟೀಲರು ಅನುಮಾನದಿಂದ ಒಮ್ಮೆ ಹಣೆ ಮುಟ್ಟಿ ನೋಡಿಕೊಂಡರು.

ವೆಂಕಟೇಶ ಸೋಲೊಪ್ಪುವವನಲ್ಲ. ಬೆನ್ನಿನ ಮೇಲೆ ಪ್ರತಿಯೊಬ್ಬರ ಹೆಸರು ಹಾಕಿಸೋಣ ಎಂದ. ಅಕ್ಷರಕ್ಕೆ ಇಷ್ಟು ಎಂದು ದರವಿದೆಯಂತೆ. ಇಲ್ಲಿ ಸುಧಕ್ಕ ಪೆನ್ನು ಕೆಳಗಿಟ್ಟರು. ನಮ್ಮ ಮಕ್ಕಳ ಜೊತೆ ಆಡುವ ಹುಡುಗಿಯೊಬ್ಬಳನ್ನು ಎಲ್ಲರೂ ಕ್ವೀವ ಎಂದು ಕರೆಯುತ್ತಾರೆ, ಬರೆಯುವಾಗ ಏಳು ಅಕ್ಷರ. ಅದರಲ್ಲಿ 'ವ' ಎಂಬ ಸದ್ದಿಗೆ ಇರುವುದು ಎಂ ಮತ್ತು ಎಚ್.

"ಬಾಯಲ್ಲಿ ಬಾರದ ಅಕ್ಷರಕ್ಕೂ ದುಡ್ಡು ಕೊಡಬೇಕೇ?" ಎಂದ ಶೀನಣ್ಣ. "ಬರೆದಂತೆ ಓದುವ ಕನ್ನಡದಲ್ಲಿ ಹಾಕಿಸಿ. ಎರಡೇ ಅಕ್ಷರ, ಒಂದು ಒತ್ತು. ಒತ್ತಿಗೆ ರಿಯಾಯಿತಿ ಕೇಳೋಣ."

ಎರಡು ವರ್ಷದ ಹಿಂದೆ ಬೇರೆ ಯಾರೋ ಒಬ್ಬರಿಂದ ತರಿಸಿದ್ದ ಅಂಗಿಗಳ ನೆನಪೂ ಬಂತು. ತಂಡದ ತರಬೇತುದಾರ ಶಾನ್‌ನ ಹೆಸರಿನಲ್ಲಿ 'ಎ' ಮೇಲಿನ ಓರೆಗೆರೆಯನ್ನು ಮುದ್ರಿಸುವವರು ಬಿಟ್ಟಿದ್ದರು. ಐರಿಷ್ ಭಾಷೆಯಲ್ಲಿ ಆ ಗೆರೆ ದೀರ್ಘದ ಗುರುತು. ಗೆರೆ ಹೋದರೆ ಆ ಪದದ ಅರ್ಥ 'ಹಳೆಯ'. ಪಾಪ, ಮೂವತ್ತೆರಡರ ಯುವಕ ಬೆನ್ನಿನ ಮೇಲೆ 'ಹಳೆಯ' ಎಂದು ಬರೆದುಕೊಂಡು ಒಂದು ಋತು ಕಳೆದ.

"ನಮ್ಮಲ್ಲಿಯೂ ಉಂಟಲ್ಲ" ಎಂದರು ಸುಧಕ್ಕ. "ಬಲ ಎಂದು ಬರೆಯಲು ಹೋಗಿ ದೀರ್ಘ ಎಳೆದರೆ ಬಾಲ."

"ಅದಕ್ಕೇ ಹೇಳುವುದು, ಹೆಸರೇ ಬೇಡ" ಎಂದ ಶೀನಣ್ಣ. "ಈ ಆಟದಲ್ಲಿ ಅಂಕಿ ಎಂದರೆ ಜಾಗ. ಒಂದು ಗೋಲು ಕಾಯುವವನು, ಆರು ರಕ್ಷಣೆಯ ನಟ್ಟನಡು, ಹದಿನಾಲ್ಕು ಎದುರು ಗೋಲಿನ ಮುಂದೆ. ಹೆಸರು ಬರೆಯಿಸಿದ ಕೂಡಲೇ ಅಂಗಿ ಅವನದಾಗುತ್ತದೆ. ಅಂಕಿ ಇದ್ದರೆ ಅಂಗಿ ಊರಿನದು, ಅವನು ಅದರೊಳಗೆ ಬಾಡಿಗೆಗೆ ಇರುತ್ತಾನೆ."

ಇದನ್ನು ಅವನು ತಮಾಷೆಗೆ ಹೇಳಿದನೋ ಇಲ್ಲವೋ ತಿಳಿಯಲಿಲ್ಲ, ಏಕೆಂದರೆ ಅಷ್ಟರಲ್ಲಿ ತೆರಿಗೆಯ ಮಾತು ಬಂತು. ಈ ದೇಶದಲ್ಲಿ ಚಿಕ್ಕ ಮಕ್ಕಳ ಬಟ್ಟೆಗೆ ವ್ಯಾಟ್ ಇಲ್ಲ. ಹತ್ತು ವರ್ಷದ ಸಾಧಾರಣ ಮೈಕಟ್ಟಿನ ಮಗುವಿನ ಅಳತೆ ದಾಟಿತೆಂದರೆ ಶೇಕಡಾ 23.

"ಮನಸ್ಸು ಮಗುವಿನದ್ದಾಗಿದ್ದರೆ?" ಎಂದರು ಪಾಟೀಲರು.

"ಕಂದಾಯದವರು ಅಳೆಯುವುದು ಸೊಂಟ, ಪಾಟೀಲರೇ. ನಿಮ್ಮ ಒಂದು ಅಂಗಿಯ ತೆರಿಗೆಯಲ್ಲಿ ಎರಡು ಶಾಲೆ ನಡೆಯುತ್ತವೆ."

ಪ್ರಾಯೋಜಕರ ವಿಷಯ ಬೇಗ ಮುಗಿಯಿತು. ಮಕ್ಕಳ ಎದೆಯ ಮೇಲೆ ಪಬ್ಬಿನ ಹೆಸರು ಬೇಡ ಎಂದಾಯಿತು. ಊರಿನ ಶವಸಂಸ್ಕಾರದವರು ತಾವಾಗಿಯೇ ಮುಂದೆ ಬಂದಿದ್ದರು. "ಅವರಿಗೆ ಅವಸರವಿಲ್ಲ, ಹಣ ನಿಧಾನವಾಗಿ ವಾಪಸು ಬಂದರೂ ನಡೆಯುತ್ತದೆ" ಎಂದು ಶೀನಣ್ಣ ಒಪ್ಪಿಗೆ ಕೊಟ್ಟ. ಮಾಂಸದಂಗಡಿಯವನು ತೋಳಿಗೆ. ಇಲ್ಲಿ ಆಡುವವರಿಗೆ ಸಂಬಳವಿಲ್ಲ. ಕ್ರೋಕ್ ಪಾರ್ಕ್ ಎಂಬ 82,300 ಜನ ತುಂಬುವ ಕ್ರೀಡಾಂಗಣದಲ್ಲಿ ಫೈನಲ್ ಆಡಿದ ಮೇಷ್ಟ್ರು ಕೂಡ ಮತ್ತೆ ಶಾಲೆಗೆ ಹೋಗಿ ಹಾಜರಿ ಕರೆಯುತ್ತಾರೆ. ಅಂಗಿಗಾದರೂ ಯಾರೋ ದುಡ್ಡು ಕೊಡಬೇಕಲ್ಲ.

ಅಷ್ಟರಲ್ಲಿ ಮಿಕ್ ಒಳಗಿನಿಂದ ಒಂದು ಚೀಲ ತಂದು ಮೇಜಿನ ಮೇಲೆ ಸುರಿದ. ಹಳೆಯ ಸೆಟ್ಟು. ಕಾಲರ್ ಇರುವ ದಪ್ಪ ಹತ್ತಿಯ ಅಂಗಿಗಳು, ಒಂದೊಂದೂ ಒದ್ದೆ ಕಂಬಳಿಯಷ್ಟು ಭಾರ. ಮಳೆ ಬಂದರೆ ಮೊಣಕಾಲಿಗೆ ಇಳಿಯುತ್ತಿದ್ದವಂತೆ. ಅಂಕಿಗಳನ್ನು ಬಿಳಿ ಬಟ್ಟೆಯಲ್ಲಿ ಕತ್ತರಿಸಿ ಕೈಯಿಂದ ಹೊಲಿದಿದ್ದರು. ಹನ್ನೊಂದರ ಎರಡು ಒಂದುಗಳಲ್ಲಿ ಒಂದು ತುಸು ಗಿಡ್ಡ, ದಾರವೂ ಬೇರೆ ಬಣ್ಣ. ಹೊಲಿದವಳು ತನ್ನ ಹೆಂಡತಿ ಎಂದ ಮಿಕ್. ಬಿಳಿ ದಾರ ಮುಗಿದಿತ್ತು, ಅಂಗಡಿ ಮುಚ್ಚಿತ್ತು, ಮಾರನೆಯ ದಿನ ಪಂದ್ಯವಿತ್ತು. ಆಕೆ ಈಗ ಇಲ್ಲ.

ಶೀನಣ್ಣ ಆ ಅಂಗಿಯನ್ನು ಎತ್ತಿಕೊಂಡು ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿದ. ತಿಪಟೂರಿನ ಶಾಲೆಯಲ್ಲಿ ಖೋ-ಖೋ ತಂಡಕ್ಕೆ ಅವರು ಬನಿಯನ್ನಿನ ಮೇಲೆ ನೀಲಿ ಶಾಯಿಯಲ್ಲಿ ಅಂಕಿ ಬರೆದುಕೊಂಡಿದ್ದರಂತೆ. ಇವನದು ಏಳು. ಮೊದಲ ಪಂದ್ಯ ಗೆದ್ದರು, ಅಮ್ಮ ಒಗೆದರು, ಎರಡನೆಯ ಪಂದ್ಯಕ್ಕೆ ಏಳು ಇರಲಿಲ್ಲ, ಮನೆಯವರೆಲ್ಲರ ಬನಿಯನ್ನೂ ಆಕಾಶದ ಬಣ್ಣವಾಗಿತ್ತು. "ಅಪ್ಪ ಅದನ್ನೇ ಹಾಕಿಕೊಂಡು ಎರಡು ವರ್ಷ ಆಫೀಸಿಗೆ ಹೋದರು" ಎಂದ. ನಾವು ನಕ್ಕೆವು. ಅವನು ನಗಲಿಲ್ಲ.

ಸುಧಕ್ಕ ಅಂಗಿಗಳನ್ನು ಎಣಿಸಿದರು. ಹದಿನಾಲ್ಕು. ಒಂಬತ್ತು ಇರಲಿಲ್ಲ.

ಒಂಬತ್ತು ಸಿಡ್ನಿಯಲ್ಲಿದೆ ಎಂದ ಮಿಕ್. ಅವನ ಕಿರಿಯ ಮಗ ಅಲ್ಲಿಗೆ ಹೋಗಿ ಎಂಟು ವರ್ಷವಾಯಿತು, ಕಟ್ಟಡದ ಕೆಲಸ. ಒಂದು ವರ್ಷಕ್ಕೆಂದು ಹೋದವನು. ಹೋಗುವಾಗ ಅಂಗಿಯನ್ನು ಹೇಳದೆ ಚೀಲಕ್ಕೆ ಹಾಕಿಕೊಂಡಿದ್ದ. ಆ ಬಿಸಿಲಿಗೆ ಅದನ್ನು ಹಾಕಿಕೊಳ್ಳಲು ಆಗುವುದೇ ಇಲ್ಲ ಎಂದು ಮಿಕ್ ಗೊಣಗಿದ.

ಒಂದು ವರ್ಷಕ್ಕೆಂದು ಬಂದವರು ಆ ಕೋಣೆಯಲ್ಲಿ ಇನ್ನೂ ಐವರಿದ್ದೆವು. ಪಾಟೀಲರು ಎದ್ದು ಟೀ ಬಗ್ಗಿಸಿದರು.

ಕೊನೆಗೆ ವೆಂಕಟೇಶನೇ ಮೊಬೈಲಿನಲ್ಲಿ ಕಂಕುಳಿನ ಬಣ್ಣ ತೆಗೆದ. ಹಸಿರು ಮೈ, ಬಿಳಿ ಕಾಲರ್, ಅಂಕಿ ಮಾತ್ರ, ಇಪ್ಪತ್ತನಾಲ್ಕರ ಒಂದು ಸೆಟ್ಟು, ಐರ್ಲೆಂಡಿನಲ್ಲೇ ಹೊಲಿದದ್ದು. ಬೆಲೆಪಟ್ಟಿ ತರಿಸುವುದೆಂದು ನಾನು ನಡಾವಳಿಯಲ್ಲಿ ಬರೆದೆ. ಮೊದಲ ಪಂದ್ಯಕ್ಕೆ ಮುಂಚೆ ಬರಬೇಕಾದರೆ ಈ ವಾರವೇ ಹೇಳಬೇಕು.

"ಇಪ್ಪತ್ತೈದು" ಎಂದ ಶೀನಣ್ಣ.

"ಸೆಟ್ಟು ಇಪ್ಪತ್ತನಾಲ್ಕು ಅಲ್ಲವೇ?" ಎಂದರು ಸುಧಕ್ಕ.

"ಒಂಬತ್ತು ಎರಡು ಇರಲಿ."

"ಆಡುವವನಿಲ್ಲದ ಅಂಗಿಗೆ ದುಡ್ಡೇ, ಶೀನಣ್ಣ? ಬೆಳಗಿನಿಂದ ನೀವು ಬೈದದ್ದು ಅದನ್ನೇ ತಾನೇ?"

ಶೀನಣ್ಣ ಉತ್ತರ ಕೊಡಲಿಲ್ಲ. ಹಳೆಯ ಅಂಗಿಗಳನ್ನು ಅಂಕಿಯ ಅನುಕ್ರಮದಲ್ಲಿ ಮಡಿಸಿ ಚೀಲಕ್ಕೆ ಇಡುತ್ತಿದ್ದ. ಎಂಟರ ಮೇಲೆ ಹತ್ತು ಇಡುವ ಮುನ್ನ ತುಸು ತಡೆದ. ಮಿಕ್ ಏನಾಯಿತೆಂದು ಕೇಳಿದ. ವೆಂಕಟೇಶ ಇಂಗ್ಲಿಷಿನಲ್ಲಿ ತಿಳಿಸಿದ.

ಮಿಕ್ ಬಹಳ ಹೊತ್ತು ಒಂದೇ ಲೋಟವನ್ನು ಒರೆಸಿದ. ಆಮೇಲೆ, ಮಗ ಈಗ ದಪ್ಪಗಾಗಿದ್ದಾನೆ, ಒಂದು ಅಳತೆ ದೊಡ್ಡದೇ ಹೇಳಿ ಎಂದ.