ಸಹಾಯ ಬೇಕು: ನಿಮ್ಮ ಕಡೆ ಜನ ಯಾವುದಕ್ಕೆ ಹೆದರುತ್ತಾರೆ?

ನಮಸ್ಕಾರ, ನಾನು ಎಂಎ ಸೈಕಾಲಜಿ ವಿದ್ಯಾರ್ಥಿ. ಪ್ರಾಜೆಕ್ಟ್ ವಿಷಯ ಭಯ. 1965ರಲ್ಲಿ ಅಮೆರಿಕದ ಸೈಕಾಲಜಿಸ್ಟ್ ಜೇಮ್ಸ್ ಗೀರ್ ಮಾಡಿದ 51 ಭಯಗಳ ಪಟ್ಟಿ ಇದೆ. ಹಾವು, ಗುಡುಗು, ಇಂಜೆಕ್ಷನ್ ಸೂಜಿ, ಪರೀಕ್ಷೆಯಲ್ಲಿ ಫೇಲ್ ಆಗೋದು, ಕೆಲಸ ಹೋಗೋದು, ಹೀಗೆ ಒಂದೊಂದಕ್ಕೂ ಎಷ್ಟು ಹೆದರಿಕೆ ಅಂತ ಗುರುತು ಹಾಕಬೇಕು. ಅದನ್ನು ಹಿಡಿದುಕೊಂಡು ಸಕಲೇಶಪುರದ ಕಡೆ ಒಬ್ಬರು ಅಜ್ಜಿಯನ್ನು ಕೇಳಿದೆ. ಪಟ್ಟಿಯಲ್ಲಿ ರೋಲರ್ ಕೋಸ್ಟರ್ ಬಂದ ಕೂಡಲೇ, "ಅದೆಲ್ಲ ಬಿಡು ಮಗಾ, ತೋಟಕ್ಕೆ ಆನೆ ಬರುತ್ತಲ್ಲ, ಅದನ್ನ ಬರ್ಕೋ" ಅಂದರು. ಸರಿ ಅಲ್ವಾ? ಪಟ್ಟಿಯಲ್ಲಿ ಆನೆಯೇ ಇಲ್ಲ!

ನಿಮ್ಮ ಮನೆ, ಹೊಲ, ಆಫೀಸಿನಲ್ಲಿ ಜನ ನಿಜವಾಗಿ ಹೆದರೋದು ಯಾವುದಕ್ಕೆ ಅಂತ ಎರಡು ಸಾಲು ಬರೆಯಿರಿ. ವಯಸ್ಸು, ಜಿಲ್ಲೆ ಸಾಕು, ಹೆಸರು ಬೇಡ. ಇನ್ನೊಂದು, ಆತಂಕ ಅಂದರೆ ಅಜ್ಜಿ ಸುಮ್ನೆ ನೋಡುತ್ತಾರೆ, ಎದೆ ಢವಢವ ಅಂದರೆ ತಕ್ಷಣ ತಲೆಯಾಡಿಸುತ್ತಾರೆ. ನಿಮ್ಮ ಕಡೆಯ ಇಂಥ ಮಾತುಗಳಿದ್ದರೂ ಹೇಳಿ.