ಕುಬರ್ನೆಟಿಸ್ ಮೇಲೆ ಬ್ಯಾಕ್‌ಸ್ಟೇಜ್ ನಿಲ್ತಾನೇ ಇಲ್ಲ, ಹೆಲ್ಮ್ ಬಿಟ್ಟು ಬೇರೆ ದಾರಿ ಇದ್ಯಾ?

ನೋಡ್_ನಾಗ:
ಟೀಮ್‌ಗೆ ಡೆವಲಪರ್ ಪೋರ್ಟಲ್ (ನಮ್ಮ ಸರ್ವಿಸ್‌ಗಳನ್ನೆಲ್ಲಾ ಒಂದೇ ಕಡೆ ತೋರಿಸೋ ಸೈಟ್) ಬೇಕು ಅಂತ, ಕಂಟೇನರ್‌ಗಳನ್ನ ಓಡಿಸೋ ನಮ್ಮ ಕುಬರ್ನೆಟಿಸ್ ಕ್ಲಸ್ಟರ್ ಮೇಲೆ ಹೆಲ್ಮ್ ಚಾರ್ಟ್‌ನಲ್ಲಿ (ರೆಡಿ ಇನ್‌ಸ್ಟಾಲ್ ಪ್ಯಾಕೇಜ್) ಬ್ಯಾಕ್‌ಸ್ಟೇಜ್ ಹಾಕ್ದೆ. ಮೊದಲು ಚೆನ್ನಾಗೇ ಬಂತು, ಕ್ಯಾಟಲಾಗ್ ಎಲ್ಲಾ ಕಾಣಿಸ್ತು, ಆಮೇಲೆ ಒಂದು ಸಣ್ಣ ಕಾನ್ಫಿಗ್ ಚೇಂಜ್ ಮಾಡಿದ್ದಷ್ಟೇ, ಪಾಡ್ (ಕಂಟೇನರ್ ಓಡೋ ಘಟಕ) ಕ್ರ್ಯಾಶ್‌ಲೂಪ್‌ಬ್ಯಾಕ್‌ಆಫ್, ಅಂದ್ರೆ ಶುರುವಾಗೋದು, ಬೀಳೋದು, ಮತ್ತೆ ಅದೇ. ಪೂರ್ತಿ ತೆಗೆದು ಮತ್ತೆ ಹಾಕಿದ್ರೆ ಈಗ ಒಂದ್ಸಲನೂ ಏಳ್ತಿಲ್ಲ. ಇಮೇಜ್ ನಮ್ದೇ ಬಿಲ್ಡ್, ಪೋಸ್ಟ್‌ಗ್ರೆಸ್ ಡೇಟಾಬೇಸ್ ಚಾರ್ಟ್ ಒಳಗಿಂದೇ ಆನ್ ಮಾಡಿದೀನಿ, ಮಿಕ್ಕಿದ್ದು ಡೀಫಾಲ್ಟ್. ಹೆಲ್ಮ್ ಸಹವಾಸನೇ ಬೇಡ, ಬರೀ ಯಾಮಲ್ (ಕಾನ್ಫಿಗ್ ಫೈಲ್) ಬರೆದು ಹಾಕ್ಲಾ ಅನ್ನಿಸ್ತಿದೆ. ಏನ್ ಮಾಡ್ಲಿ ಹೇಳಿ.

ಪಾಡ್‌ಪಾಲಕ:
ಮೆಮೊರಿ. ಬ್ಯಾಕ್‌ಸ್ಟೇಜ್ ಅಂದ್ರೆ ನೋಡ್ ಜೆಎಸ್, ಚೆನ್ನಾಗಿ ತಿನ್ನತ್ತೆ. ಲಿಮಿಟ್ ಜಾಸ್ತಿ ಮಾಡಿ ನೋಡು.

ನೋಡ್_ನಾಗ:
ಮಾಡ್ದೆ, ಅದೇ ಕಥೆ.

ಪಾಡ್‌ಪಾಲಕ:
ಇನ್ನೂ ಜಾಸ್ತಿ ಮಾಡು. ಕ್ಯಾಟಲಾಗ್ ದೊಡ್ಡದಿದ್ರೆ ಶುರುವಲ್ಲೇ ಏರತ್ತೆ. ಹೀಪ್ (ನೋಡ್ ಜೆಎಸ್ ಒಳಗೆ ಬಳಸೋ ಮೆಮೊರಿ) ಸೈಜ್ ಕೂಡ ಸೆಟ್ ಮಾಡು.

ಲಾಗ್_ಲತಾ:
ಎಕ್ಸಿಟ್ ಕೋಡ್ ಎಷ್ಟು ಬರ್ತಿದೆ? ಡಿಸ್ಕ್ರೈಬ್ ಪಾಡ್ ಕೊಟ್ರೆ ಲಾಸ್ಟ್ ಸ್ಟೇಟ್‌ನಲ್ಲಿ ಇರತ್ತೆ.

ನೋಡ್_ನಾಗ:
1.

ಲಾಗ್_ಲತಾ:
ಹಾಗಿದ್ರೆ ಮೆಮೊರಿ ಅಲ್ಲ. ಕರ್ನಲ್ ಕೊಂದಿದ್ರೆ 137, ನೋಡ್ ಹೀಪ್ ತುಂಬಿ ಬಿದ್ದಿದ್ರೆ 134 ಬರ್ತಿತ್ತು. ಹಳೇ ಕಂಟೇನರ್ ಲಾಗ್ ಹಾಕಿ, ಲಾಗ್ಸ್ ಕಮಾಂಡ್‌ಗೆ ಪ್ರೀವಿಯಸ್ ಫ್ಲ್ಯಾಗ್ ಸೇರಿಸಿದ್ರೆ ಸಿಗತ್ತೆ.

ಪಾಡ್‌ಪಾಲಕ:
ನಮ್ಮಲ್ಲಿ ಮೆಮೊರಿ ಏರಿಸಿದ್ಮೇಲೇ ಸರಿ ಹೋಗಿದ್ದು, ಅದಕ್ಕೇ ಹೇಳಿದ್ದು.

ಯಾಮಲ್_ಯೋಗಿ:
ಗುರು, ಡೇಟಾಬೇಸ್‌ನ ಸಬ್‌ಚಾರ್ಟ್‌ನಲ್ಲಿ (ಚಾರ್ಟ್ ಒಳಗಿನ ಚಾರ್ಟ್) ಯಾಕ್ ಇಟ್ಟೆ? ಪೋಸ್ಟ್‌ಗ್ರೆಸ್ ನಡೆಸೋಕೇ ಇರೋ ಕ್ಲೌಡ್‌ನೇಟಿವ್‌ಪಿಜಿ ಆಪರೇಟರ್ ಹಾಕು, ಬ್ಯಾಕಪ್, ಫೇಲ್‌ಓವರ್ ಎಲ್ಲಾ ಅದೇ ನೋಡ್ಕೊಳತ್ತೆ. ನಾನು ಮನೇಲಿ ಹಳೇ ಮಿನಿ ಪಿಸಿಗಳ ಮೇಲೆ ಕೆ3ಎಸ್ (ಹಗುರ ಕುಬರ್ನೆಟಿಸ್), ಲಾಂಗ್‌ಹಾರ್ನ್ (ಸ್ಟೋರೇಜ್), ಅದರ ಮೇಲೆ ಈ ಆಪರೇಟರ್ ಓಡಿಸ್ತಿದೀನಿ, ಕರೆಂಟ್ ಹೋಗಿ ಬಂದ್ರೂ ಎಲ್ಲಾ ತಾನೇ ಎದ್ದು ನಿಲ್ಲತ್ತೆ.

ಪಾಡ್‌ಪಾಲಕ:
ಒಂದು ಪೋರ್ಟಲ್‌ಗೆ ಆಪರೇಟರ್, ಅದಕ್ಕೆ ಸಿಆರ್‌ಡಿ (ಕುಬರ್ನೆಟಿಸ್‌ಗೆ ಸೇರಿಸೋ ಹೊಸ ಆಬ್ಜೆಕ್ಟ್ ಟೈಪ್), ಅದರ ಅಪ್‌ಗ್ರೇಡ್ ತಲೆನೋವು ಬೇರೆ. ಕ್ಲಸ್ಟರ್ ಹೊರಗೆ ಮ್ಯಾನೇಜ್ಡ್ ಪೋಸ್ಟ್‌ಗ್ರೆಸ್ ತಗೊಂಡ್ರೆ ಮುಗೀತು.

ಯಾಮಲ್_ಯೋಗಿ:
ಎಲ್ಲರಿಗೂ ಹೊರಗಿನ ಡೇಟಾಬೇಸ್ ಸಿಗಲ್ಲ ಸರ್. ಆಪರೇಟರ್ ಅಪ್‌ಗ್ರೇಡ್ ನಂಗೆ ಇವತ್ತಿನವರೆಗೂ ಕಾಟ ಕೊಟ್ಟಿಲ್ಲ.

ನೋಡ್_ನಾಗ:
ನಿಮ್ ಜಗಳ ಆಮೇಲೆ ಆಡ್ಕೊಳಿ. ಲಾಗ್‌ನಲ್ಲಿ ಬರ್ತಿರೋದು ಪಾಸ್‌ವರ್ಡ್ ಅಥೆಂಟಿಕೇಶನ್ ಫೇಲ್ಡ್ ಅಂತ. ನಾನು ಪಾಸ್‌ವರ್ಡ್ ಮುಟ್ಟೇ ಇಲ್ಲ, ಚಾರ್ಟೇ ಮಾಡ್ಕೊಂಡಿದ್ದು.

ಲಾಗ್_ಲತಾ:
ಇನ್‌ಸ್ಟಾಲ್ ನೇರವಾಗಿ ಹೆಲ್ಮ್ ಕಮಾಂಡ್‌ನಲ್ಲಾ, ಇಲ್ಲ ಗಿಟ್‌ನಲ್ಲಿರೋದನ್ನ ಕ್ಲಸ್ಟರ್‌ಗೆ ಸಿಂಕ್ ಮಾಡೋ ಆರ್ಗೋ ಸಿಡಿ ಮೂಲಕನಾ?

ನೋಡ್_ನಾಗ:
ಆರ್ಗೋ ಸಿಡಿನೇ. ನಮ್ಮಲ್ಲಿ ಎಲ್ಲಾ ಅದರಲ್ಲೇ ಹೋಗೋದು.

ಲಾಗ್_ಲತಾ:
ಸಿಕ್ತು. ಆರ್ಗೋ ಹೆಲ್ಮ್ ಇನ್‌ಸ್ಟಾಲ್ ಕಮಾಂಡ್ ಓಡಿಸಲ್ಲ, ಹೆಲ್ಮ್ ಟೆಂಪ್ಲೇಟ್ ಅಷ್ಟೇ ಓಡಿಸಿ ಬಂದ ಯಾಮಲ್‌ನ ಅಪ್ಲೈ ಮಾಡತ್ತೆ. ಪಾಸ್‌ವರ್ಡ್ ಕೊಡದೇ ಇದ್ರೆ ಸಬ್‌ಚಾರ್ಟ್ ಒಂದು ರ‍್ಯಾಂಡಮ್ ಪಾಸ್‌ವರ್ಡ್ ಮಾಡಿ ಸೀಕ್ರೆಟ್‌ನಲ್ಲಿ (ಕುಬರ್ನೆಟಿಸ್ ಪಾಸ್‌ವರ್ಡ್ ಇಡೋ ಜಾಗ) ಇಡತ್ತೆ, ಮುಂದಿನ ಸಲ ಲುಕಪ್ ಮಾಡಿ (ಕ್ಲಸ್ಟರ್‌ನಲ್ಲಿ ಹುಡುಕಿ) ಅದನ್ನೇ ಉಳಿಸ್ಕೊಳ್ಬೇಕು, ಆದ್ರೆ ಟೆಂಪ್ಲೇಟ್ ಮೋಡ್‌ನಲ್ಲಿ ಲುಕಪ್‌ಗೆ ಕ್ಲಸ್ಟರ್ ಕಾಣಲ್ಲ, ಖಾಲಿ ಬರತ್ತೆ, ಹಾಗಾಗಿ ಸಿಂಕ್ ಆದಾಗ ಹೊಸ ಪಾಸ್‌ವರ್ಡ್. ಬ್ಯಾಕ್‌ಸ್ಟೇಜ್ ಆ ಪಾಸ್‌ವರ್ಡ್‌ನ ಎನ್ವಿರಾನ್ಮೆಂಟ್ ವೇರಿಯಬಲ್‌ನಿಂದ ಪಾಡ್ ಶುರುವಾದಾಗ ಮಾತ್ರ ಓದೋದ್ರಿಂದ ರೀಸ್ಟಾರ್ಟ್ ಆಗೋವರೆಗೂ ಗೊತ್ತೇ ಆಗಲ್ಲ.

ಪೋಸ್ಟ್‌ಗ್ರೆಸ್ ಪಾಸ್‌ವರ್ಡ್ ತಗೊಳೋದು ಡೇಟಾ ಫೋಲ್ಡರ್ ಖಾಲಿ ಇದ್ದಾಗ, ಮೊದಲ ಸಲ ಮಾತ್ರ. ಡೇಟಾಬೇಸ್ ಪಾಡ್ ಓಡಿಸೋ ಸ್ಟೇಟ್‌ಫುಲ್‌ಸೆಟ್ ತೆಗೆದ್ರೂ ಪಿವಿಸಿ (ಅದರ ಡೇಟಾ ಇರೋ ಡಿಸ್ಕ್) ಹಾಗೇ ಉಳಿಯತ್ತೆ, ಅದಕ್ಕೇ ಮತ್ತೆ ಹಾಕಿದ್ರೂ ಹಳೇ ಪಾಸ್‌ವರ್ಡೇ ಒಳಗಿದೆ. ಬರೀ ಯಾಮಲ್‌ಗೆ ಹೋಗೋದೇನೂ ಬೇಡ. ಸೀಕ್ರೆಟ್ ನೀವೇ ಮಾಡಿ ಚಾರ್ಟ್‌ನ ಎಗ್ಸಿಸ್ಟಿಂಗ್‌ಸೀಕ್ರೆಟ್ ಸೆಟ್ಟಿಂಗ್‌ನಲ್ಲಿ ಅದರ ಹೆಸರು ಕೊಡಿ, ಡೇಟಾ ಬೇಡ ಅಂದ್ರೆ ಪಿವಿಸಿ ಅಳಿಸಿ ಸಿಂಕ್ ಮಾಡಿ. ಹುಷಾರು, ಆ್ಯಪ್-ಕಾನ್ಫಿಗ್‌ನಲ್ಲಿ ಬರೆದ ಲೊಕೇಶನ್‌ಗಳು ತಾವೇ ವಾಪಸ್ ಬರತ್ವೆ, ಯುಐನಿಂದ ರಿಜಿಸ್ಟರ್ ಮಾಡಿದ್ದು ಡೇಟಾಬೇಸ್ ಜೊತೆನೇ ಹೋಗತ್ತೆ.

ನೋಡ್_ನಾಗ:
ಎದ್ದು ನಿಂತಿತು! ಬೇಕಂತಲೇ ಪಾಡ್ ಕೊಂದು ನೋಡ್ದೆ, ಮತ್ತೆ ಸಿಂಕ್ ಕೂಡ ಮಾಡ್ದೆ, ಏನೂ ಆಗಿಲ್ಲ. ತುಂಬಾ ಥ್ಯಾಂಕ್ಸ್ ಲತಾ ಅವರೇ. ಈಗ ಆ ಸೀಕ್ರೆಟ್‌ನ ಗಿಟ್‌ನಲ್ಲಿ ಹೇಗೆ ಇಡೋದು?

ಪಾಡ್‌ಪಾಲಕ:
ಸೀಲ್ಡ್ ಸೀಕ್ರೆಟ್ಸ್. ಎನ್‌ಕ್ರಿಪ್ಟ್ ಮಾಡಿ ಗಿಟ್‌ನಲ್ಲಿ ಇಡೋದು.

ಯಾಮಲ್_ಯೋಗಿ:
ಅದರ ಕೀ ಬ್ಯಾಕಪ್ ಇಲ್ಲದೇ ಕ್ಲಸ್ಟರ್ ಹೋದ್ರೆ ಏನ್ ಮಾಡ್ತೀರಾ? ಎಕ್ಸ್‌ಟರ್ನಲ್ ಸೀಕ್ರೆಟ್ಸ್ ಹಾಕಿ, ವಾಲ್ಟ್‌ನಿಂದ (ಪಾಸ್‌ವರ್ಡ್ ಇಡೋಕೇ ಇರೋ ಬೇರೆ ಸರ್ವರ್) ಎಳೆಯಿರಿ.

ಪಾಡ್‌ಪಾಲಕ:
ಈಗ ವಾಲ್ಟ್ ಬೇರೆ ನಡೆಸ್ಬೇಕಾ? ಮೊದಲು ಅವರ ಹತ್ರ ಏನಿದೆ ಕೇಳಿ.